ಕುರಿ ಉಣ್ಣೆಗೆ ಕ್ರಿಸ್ಮಸ್ ಕಳೆ!

ಕೊಳಾರ: ಚಿನ್ನದ ಕೋಲಾರ ಅಲ್ಲ ಮಹಾರಾಯರೇ, ನಮ್ಮ ಬೀದರಿನ ಕೊಳಾರ! ಕಾರ್ಖಾನೆಗಳ ಕೊಳಾರ. ಬೆಳಿಗ್ಗೆ ಶಿಫ್ಟಿಗೆ ಹೋಗುವವರು ಬಸ್ಸಿನ ಬಾಗಿಲಿಗೆ ಜೋತು ಬೀಳುವ ಕೊಳಾರ. ಅದೇ ದಾರಿಯಲ್ಲಿ ಕಾಂಪೌಂಡ್ ಗೋಡೆ ಬದಿಗೆ ಕುರಿ ಹಿಂಡು ಹಾದು ಹೋಗುವುದನ್ನು ಕಿಟಕಿ ಪಕ್ಕ ಕೂತವರು ನೋಡಿಯೇ ಇರುತ್ತೀರಿ. ಹಾರ್ನ್ ಹೊಡೆಯುವ ಡ್ರೈವರಣ್ಣನ ಹೊರತು ಆ ಕುರಿಗಳ ಕಡೆ ಯಾರ ಗಮನವೂ ಇಲ್ಲ. ಅವುಗಳ ಮೈಮೇಲಿನ ಉಣ್ಣೆಯ ಕಡೆಯಂತೂ ಮೊದಲೇ ಇಲ್ಲ.

ಆ ದಾರಿಯಲ್ಲಿ ಕುರಿ ಕಾಯುವ ಮುತ್ಯಾ ಒಬ್ಬರನ್ನು ಕೇಳಿದೆ: "ಉಣ್ಣೆ ಏನ್ ಮಾಡ್ತೀರಿ ಮುತ್ಯಾ?"

"ಏನ್ ಮಾಡೋದದರಿ? ಕತ್ತರಿಸೋ ಕೂಲಿ ಬಿ ಹುಟ್ಟಲ್ಲ. ಬದುವಿಗಿ ಬಿಸಾಡ್ತೀವಿ" ಎಂದರು.

ಈಗ ಪೇಟೆಗೆ ಬನ್ನಿ. ಡಿಸೆಂಬರ್ ಬಂತೆಂದರೆ ಬೀದರಿನ ಅಂಗಡಿಗಳ ಮುಂದೆ ನಕ್ಷತ್ರ, ಗಂಟೆ, ಕ್ರಿಸ್ಮಸ್ ತಾತ, ಪುಟ್ಟ ಕುರಿಮರಿ ಸಾಲಾಗಿ ತೂಗುತ್ತವೆ. ಮೆತ್ತಗಿನ ಫೆಲ್ಟ್ ಬಟ್ಟೆಯಲ್ಲಿ ಮಾಡಿದ ಸಾಮಾನು. ಬಣ್ಣ ಚಂದ, ದರ ಅಗ್ಗ. ಆದರೆ ಓದುಗರೇ, ಆ ಅಗ್ಗದ ಕುರಿಮರಿಯ ಮೈಯಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ! ಬಹುತೇಕ ಅದು ಪಾಲಿಯೆಸ್ಟರ್ ಎಳೆ. ಮುಳ್ಳುಸೂಜಿಯ ಯಂತ್ರದಲ್ಲಿ ಚುಚ್ಚಿ ಚುಚ್ಚಿ ಹಾಳೆ ಮಾಡಿ, ಡಬ್ಬಿ ಕಟ್ಟಿ ಕಳಿಸಿದ್ದು.

ಅಸಲಿ ಕುರಿಯ ಉಣ್ಣೆ ಬದುವಿನಲ್ಲಿ, ನಕಲಿ ಕುರಿ ಅಂಗಡಿಯಲ್ಲಿ. ಇದೆಂಥ ವ್ಯಾಪಾರ?

ಸುದ್ದಿ ಮೊದಲು ಮುಟ್ಟಿದ್ದು ಕುರುಬರಿಗೆ

ಕ್ರಿಸ್ಮಸ್ ಹಬ್ಬ ಬೀದರಿಗೆ ಹೊಸದಲ್ಲ. ಮೆಥೋಡಿಸ್ಟ್ ಮಿಷನ್ ಇಲ್ಲಿ ಬೇರೂರಿ ನೂರು ವರ್ಷ ದಾಟಿದೆ. ಮಂಗಲಪೇಟೆಯ ಚರ್ಚಿನಿಂದ ಹಿಡಿದು ಹಳ್ಳಿಯ ಪುಟ್ಟ ಪ್ರಾರ್ಥನಾಲಯದ ತನಕ ಆ ವಾರ ದೀಪವೇ ದೀಪ. ರಾತ್ರಿ ಹಾಡುವ ತಂಡ ಮನೆಮನೆಗೆ ಬರುತ್ತದೆ. ಬಾಗಿಲಿಗೆ ನಕ್ಷತ್ರ ತೂಗುತ್ತದೆ.

ಲೂಕನ ಸುವಾರ್ತೆ ಓದಿದವರಿಗೆ ಗೊತ್ತು. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಇನ್ನು ನಮ್ಮ ಕಡೆ ಹೆಚ್ಚು ಕಡಿಮೆ ಅದೇ ಚಳಿಯ ದಿನಗಳಲ್ಲಿ, ಮಾರ್ಗಶಿರದ ಚಂಪಾ ಷಷ್ಠಿಗೆ, ಕುರಿಗಾರರ ದೇವರು ಮೈಲಾರನ ಹಬ್ಬ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿ ಯಾರಿಗೆ ಗೊತ್ತಿಲ್ಲ? ಅಲ್ಲಿ ಭಂಡಾರ, ಇಲ್ಲಿ ದೀಪ. ಎರಡೂ ಕಡೆ ಕುರಿ ಕಾಯುವವನಿಗೆ ಮರ್ಯಾದೆ ಅದೆ. ಅವನ ಉಣ್ಣೆಗೆ ಮಾತ್ರ ಇಲ್ಲ!

ನೇಯದೆ ಆಗುವ ಬಟ್ಟೆ

ಫೆಲ್ಟ್ ಎಂದರೆ ಹಾಸು ಹೊಕ್ಕು ಇಲ್ಲದ ಬಟ್ಟೆ. ನೂಲುವುದಿಲ್ಲ, ನೇಯುವುದಿಲ್ಲ. ಕಾಶ್ಮೀರದಲ್ಲಿ, ರಾಜಸ್ಥಾನದ ಟೋಂಕಿನಲ್ಲಿ ಇದನ್ನು ನಮದಾ ಎನ್ನುತ್ತಾರೆ. ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇರುವ ಅವಿಕಾನಗರವೂ ಅದೇ ಟೋಂಕ್ ಜಿಲ್ಲೆಯಲ್ಲಿದೆ.

ಇದರ ಗುಟ್ಟು ಕೂದಲಿನಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಣ್ಣೆಯ ಎಳೆಯ ಮೇಲೆ ಮೀನಿನ ಹೊಳಪೆಯಂಥ ಪದರ ಕಾಣುತ್ತದೆ. ಬಿಸಿ ನೀರು, ಸಾಬೂನು ಬಿದ್ದಾಗ ಪದರ ಬಿಚ್ಚಿಕೊಳ್ಳುತ್ತದೆ. ತಿಕ್ಕಿದಾಗ ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿಕೊಂಡರೆ ಬಿಡುವುದಿಲ್ಲ. ಉಣ್ಣೆಯ ಸ್ವೆಟರನ್ನು ಬಿಸಿ ನೀರಲ್ಲಿ ಕುಕ್ಕಿ ಒಗೆದು ಕೂಸಿನ ಅಂಗಿ ಮಾಡಿಕೊಂಡವರು ತಮಗರಿಯದೆ ಫೆಲ್ಟ್ ಮಾಡಿದವರೇ!

ನಮ್ಮ ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಹೇಳಿಸಿದ್ದು. ಮೆರಿನೋ ಉಣ್ಣೆಯಂತೆ ಬೇಗ ಹತ್ತಿಕೊಳ್ಳುವುದಿಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆ ಸಿಕ್ಕರೆ ಕೆಲಸ ಸಲೀಸು.

ಬಕೆಟ್ಟಿನ ಮುಂದೆ ಬರಹಗಾರ

ಹೇಳುವುದು ಸುಲಭ ಅಂತೀರಾ? ಮಾಡಿಯೇ ನೋಡಿದೆ. ಮುತ್ಯಾ ಕೊಟ್ಟ ಒಂದು ಚೀಲ ಉಣ್ಣೆ ಮನೆಗೆ ತಂದಾಗ ಮನೆಯವರು ಬಾಗಿಲಲ್ಲೇ ತಡೆದರು. ವಾಸನೆ ಹಾಗಿತ್ತು! ಅವಸರದಲ್ಲಿ ಕುದಿಯುವ ನೀರು ಸುರಿದು ಕೈ ಸುಟ್ಟುಕೊಂಡೆ, ಮೊದಲ ನಕ್ಷತ್ರ ಒಣಗಿದ ಮೇಲೆ ಹಳೇ ಹಾಸಿಗೆಯ ಹತ್ತಿಯಂತೆ ಉದುರಿತು.

ದಾರಿ ತೋರಿಸಿದವರು ನಮ್ಮ ಓಣಿಯ ಹೊಲಿಗೆ ಟೀಚರಮ್ಮ. ಪ್ರತಿ ವರ್ಷ ತಮ್ಮ ಮನೆಯ ಗೋದಲಿಗೆ ಕುರಿ, ಕತ್ತೆ ಎಲ್ಲ ಕೈಯಿಂದಲೇ ಮಾಡುವವರು. "ಅವಸರ ಮಾಡಬ್ಯಾಡ್ರಿ. ರೊಟ್ಟಿ ಬಡಿದಂಗ ಬಡಿಬಾರದು, ಕೂಸಿಗಿ ಎಣ್ಣಿ ಹಚ್ಚಿದಂಗ ತಿಕ್ಕಬೇಕು" ಎಂದರು. ಅವರು ಹೇಳಿದ ಕ್ರಮ ಹೀಗಿದೆ:

ಮೊದಲು ಕಸಕಡ್ಡಿ, ಮುಳ್ಳು ಆರಿಸಿ. ಅಂಟುವಾಳದ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ತಿಕ್ಕದೆ ಜಾಲಿಸಿ, ನೆರಳಲ್ಲಿ ಒಣಗಿಸಿ. ಆಮೇಲೆ ಚೆನ್ನಾಗಿ ಹಿಂಜಿ.

ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ, ಹೀಗೆ ನಾಲ್ಕು ಪದರ ತೆಳ್ಳಗೆ ಹಾಸಿ. ಮೇಲೆ ಹಳೇ ಸೊಳ್ಳೆ ಪರದೆಯ ತುಂಡು. ಕೈ ತಾಳುವಷ್ಟು ಬಿಸಿಯ ಸಾಬೂನು ನೀರು ಚಿಮುಕಿಸಿ ಹಗುರವಾಗಿ ತಿಕ್ಕಿ. ಎಳೆಗಳು ಹಿಡಿದುಕೊಂಡ ಮೇಲೆ ಚಾಪೆ ಸಮೇತ ಸುತ್ತಿ ಹಿಂದೆ ಮುಂದೆ ಉರುಳಿಸಿ. ದಿಕ್ಕು ತಿರುಗಿಸಿ ಮತ್ತೆ ಉರುಳಿಸಿ. ಚಿವುಟಿ ಎತ್ತಿದರೆ ಬಿಡಿ ಎಳೆ ಬರಬಾರದು, ಇಡೀ ಹಾಳೆಯೇ ಎದ್ದು ಬರಬೇಕು. ಹಾಳೆ ಕುಗ್ಗುತ್ತದೆ, ಹೆದರಬೇಡಿ. ಕುಗ್ಗಿದಷ್ಟೂ ಗಟ್ಟಿ.

ಸಾಬೂನು ಹೋಗುವ ತನಕ ತೊಳೆದು ಒಣಗಿಸಿ. ಕಾಗದದ ಅಚ್ಚು ಇಟ್ಟು ಎರಡೆರಡು ನಕ್ಷತ್ರ ಕತ್ತರಿಸಿ. ನೇಯ್ಗೆ ಇಲ್ಲದ್ದರಿಂದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಕಂಬಳಿಯ ಅಂಚಿಗೆ ಹಾಕುವ ಹೊಲಿಗೆಯಲ್ಲೇ ಎರಡನ್ನೂ ಸೇರಿಸಿ, ಸ್ವಲ್ಪ ಬಾಯಿ ಬಿಟ್ಟು, ಉಳಿದ ಚೂರು ಉಣ್ಣೆ ತುಂಬಿ ಮುಚ್ಚಿ. ಮೇಲೊಂದು ದಾರದ ಕುಣಿಕೆ. ಮುಗೀತು!

ಕರಿ ಉಣ್ಣೆಗೆ ಬಣ್ಣ ಏರುವುದಿಲ್ಲ. ಬಿಳಿ ಉಣ್ಣೆಗೆ ಪಟಿಕದ ನೀರು ಕುಡಿಸಿ ದಾಳಿಂಬೆ ಸಿಪ್ಪೆಯಲ್ಲಿ ಕಾಯಿಸಿದರೆ ಹೊಂಬಣ್ಣ. ಅರಿಶಿನವೂ ಹಿಡಿಯುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಔರಾದ್ ಕಡೆಯ ತಾಂಡಾದ ಅಕ್ಕಂದಿರ ಕೈಗೆ ಕೊಟ್ಟು ನಕ್ಷತ್ರದ ನಡುವೆ ಒಂದು ಕನ್ನಡಿ ಚೂರು ಕೂಡಿಸಿದರಂತೂ ದೀಪದ ಮುಂದೆ ಮಿಂಚೇ ಮಿಂಚು.

"ಎಲ್ಲಾರಿಗಿ ಕಲಿಸಿದ್ರ ನಮಗೇನ್ ಉಳೀತದ?"

ಟೀಚರಮ್ಮನ ಅಂಗಳದಲ್ಲಿ ಓಣಿಯ ಹೆಣ್ಣುಮಕ್ಕಳು ಸೇರತೊಡಗಿದರು. ಅಲ್ಲೇ ಜಗಳವೂ ಹುಟ್ಟಿತು. ಚೆನ್ನಾಗಿ ಕೈ ಕುದುರಿದ ಒಬ್ಬಾಕೆ ಕೇಳಿಯೇ ಬಿಟ್ಟಳು: "ಎಲ್ಲಾರಿಗಿ ಕಲಿಸಿದ್ರ ನಮಗೇನ್ ಉಳೀತದ ಟೀಚರಮ್ಮ? ನಾಳಿ ಅವರೇ ದರ ಇಳಿಸಿ ಮಾರ್ತಾರ."

ಮಾತು ಸುಳ್ಳಲ್ಲ. ಹೊಟ್ಟೆಪಾಡಿನ ಮಾತು. ಟೀಚರಮ್ಮ ಸಿಟ್ಟಾಗಲಿಲ್ಲ. "ಒಬ್ಬಾಕಿ ಹತ್ತು ಮಾಡಿದ್ರ ಅಂಗಡಿಯವ ಕಣ್ಣೆತ್ತಿ ನೋಡಲ್ಲ ತಂಗಿ. ಹತ್ತು ಮಂದಿ ಸೇರಿ ನೂರು ಒಯ್ದ್ರ ಕುರ್ಚಿ ಹಾಕ್ತಾನ" ಎಂದರು.

ನಮ್ಮೂರಲ್ಲೇ ಸಾಕ್ಷಿ ಇದೆ. ಬಿದರಿ ಕಲೆ ನೋಡಿ. ಸತು, ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕೋಟೆಯ ಮಣ್ಣಿನಿಂದ ಬರುವ ಕರಿ ಹೊಳಪು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ನಮ್ಮ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೈಯಿಂದ ಕೈಗೆ ಕಲಿಸದೆ ಇದ್ದಿದ್ದರೆ ಕೋಟೆಯ ಮಣ್ಣು ಇದ್ದೂ ಏನು ಫಲ? ಮಣ್ಣು ತಾನಾಗಿ ಹೂಜಿ ಮಾಡುತ್ತದೆಯೇ?

ಕಂಬಳಿಯದು ಇದಕ್ಕೆ ತಿರುಗುಮುರುಗು ಕಥೆ. ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡುವ ವಿದ್ಯೆ ಮನೆತನದ ಒಳಗೇ ಉಳಿಯಿತು. ಪೇಟೆ ಕೈಕೊಟ್ಟಿತು, ಮಕ್ಕಳು ಬೇರೆ ಕೆಲಸ ಹಿಡಿದರು. ಈಗ ಮಗ್ಗದ ಸಪ್ಪಳ ಕೇಳಬೇಕೆಂದರೆ ಹುಡುಕಿಕೊಂಡು ಹೋಗಬೇಕು.

ಅಂಗಡಿ ಸಾಹುಕಾರರಿಗೆ ಒಂದು ಮಾತು

ಗಾಂಧಿ ಗಂಜಿನಿಂದ ಚೌಬಾರಾ ತನಕದ ಸಾಹುಕಾರರೇ, ಈ ಸಾಮಾನನ್ನು ಪಾಲಿಯೆಸ್ಟರ್ ತಕ್ಕಡಿಯಲ್ಲಿ ತೂಗಬೇಡಿ. ಯಂತ್ರದ ದರಕ್ಕೆ ಕೈಕೆಲಸ ಬರುವುದಿಲ್ಲ. ಅಂದಮೇಲೆ ಬೇರೆ ಮೊಳೆಗೆ ತೂಗುಹಾಕಿ. "ಇದು ನಮ್ಮ ಜಿಲ್ಲೆಯ ಕುರಿಯ ಉಣ್ಣೆ" ಎಂದು ಗಿರಾಕಿಗೆ ಬಾಯಿಬಿಟ್ಟು ಹೇಳಿ.

ಎರಡನೆಯದು, ಡಿಸೆಂಬರ್ 20ಕ್ಕೆ ಆರ್ಡರ್ ಕೊಟ್ಟು 24ಕ್ಕೆ ಕೊಡು ಎಂದರೆ ಆಗದು. ಉಣ್ಣೆ ತೊಳೆದು ಒಣಗಬೇಕು, ಹಾಳೆ ಒಣಗಬೇಕು. ದಸರೆಯೊಳಗೆ ಹೇಳಿಟ್ಟರೆ ಇಬ್ಬರಿಗೂ ಚಿಂತೆ ಇಲ್ಲ. ಉಳಿದ ಮಾಲು ಕೊಳೆಯುವುದಿಲ್ಲ. ಚೆನ್ನಾಗಿ ಒಣಗಿಸಿ ಒಣ ಬೇವಿನ ಎಲೆ ಹಾಕಿ ಕಟ್ಟಿಟ್ಟು, ಆಗಾಗ ತೆಗೆದು ನುಸಿ ನೋಡಿದರಾಯಿತು, ಬರುವ ವರ್ಷಕ್ಕೂ ಬಂತು. ಗಂಟೆ, ನಕ್ಷತ್ರ ಮಾಡಿದ ಕೈಗೆ ದೀಪಾವಳಿಯ ತೋರಣ ದೊಡ್ಡದೇನಲ್ಲ.

ಸರ್ಕಾರದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲೇ ಉಣ್ಣೆ ಇದೆ. ಬದುವಿನಲ್ಲಿ ಬಿದ್ದ ಉಣ್ಣೆಯ ಕಡೆಗೂ ಒಮ್ಮೆ ಅದರ ಕಣ್ಣು ಬೀಳಲಿ.

ಆ ಡಿಸೆಂಬರಿನಲ್ಲಿ ನಾನು ಮಾಡಿದ ಎರಡನೆಯ ನಕ್ಷತ್ರ, ಒಂದು ಮೂಲೆ ಸೊಟ್ಟಗಿದ್ದರೂ, ಗಟ್ಟಿಯಾಗಿ ನಿಂತಿತು. ಅದನ್ನು ಒಯ್ದು ಮುತ್ಯಾನ ಕೈಗಿತ್ತೆ. ತಿರುಗಿಸಿ ಮುರುಗಿಸಿ ನೋಡಿದರು, ಮೂಸಿ ನೋಡಿದರು.

"ಇದು ನಮ್ಮ ಕುರಿದೇ ಏನ್ರಿ?"

"ನಿಮ್ಮದೇ ಮುತ್ಯಾ."

ಮಾತಾಡಲಿಲ್ಲ. ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡು ಹಿಂಡಿನ ಹಿಂದೆ ನಡೆದರು. ಅಷ್ಟರಲ್ಲಿ ಕೊಳಾರದ ಬಸ್ಸು ಬಂತು. ಡ್ರೈವರಣ್ಣ ಹಾರ್ನ್ ಹೊಡೆದ. ಮುತ್ಯಾ ಎಂದಿನಂತೆ ದಾರಿ ಬಿಡಲಿಲ್ಲ!