ಬಿಚ್ಚಿ ಕಲಿತ ಕೈ

ಗಾಳಕ್ಕೆ ಎರೆಹುಳು ಸಿಕ್ಕಿಸಿ ಮೀನು ಹಿಡಿಯುವುದು ನಮಗೆಲ್ಲ ಗೊತ್ತು. ಸ್ಕಾಟ್ಲೆಂಡಿನ ನದಿಗಳಲ್ಲಿ ಸಾಲ್ಮನ್ ಮೀನಿಗೆ ಹುಳುವಿನ ಬದಲು ‘ಫ್ಲೈ’ ತೋರಿಸುತ್ತಾರೆ. ಗಾಳದ ಕೊಕ್ಕೆಗೆ ರೇಷ್ಮೆ ಎಳೆ, ಜರಿ, ಬಣ್ಣದ ಗರಿಗಳನ್ನು ಸುತ್ತಿ ಕಟ್ಟುವ ಕುಸುರಿ ಕೆಲಸವದು.

ಈ ಕಲೆಯಲ್ಲಿ ಹೆಸರಾದವರು ಮೇಗನ್ ಬಾಯ್ಡ್ (1915–2001). ಬಾಲಕಿಯಾಗಿದ್ದಾಗ ಅವರಿಗೆ ಗುರುವಾದವರು ತಂದೆಯ ಗೆಳೆಯ ಬಾಬ್ ಟ್ರಸ್ಲರ್. ಪಾಠದ ಕ್ರಮ ವಿಚಿತ್ರ: ಕಟ್ಟುವ ಮೊದಲು ಬಿಚ್ಚಬೇಕು! ಸಿದ್ಧವಿರುವ ಫ್ಲೈಯನ್ನು ಎಳೆ ಎಳೆಯಾಗಿ ಬಿಚ್ಚಿ, ಅದನ್ನೇ ಇನ್ನೂ ಚಿಕ್ಕ ಕೊಕ್ಕೆಗೆ ಮತ್ತೆ ಕಟ್ಟಬೇಕು. ಬಿಚ್ಚುವಾಗ ಯಾವುದರ ಮೇಲೆ ಯಾವುದು ಎಂಬುದು ತಿಳಿಯುತ್ತದೆ. ಕೊಕ್ಕೆ ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಮುಂದೆ ಮೇಗನ್ ಬ್ರೋರಾ ಊರಿನ ಬಳಿಯ ಪುಟ್ಟ ಮನೆಯಲ್ಲಿ ದಶಕಗಳ ಕಾಲ ಫ್ಲೈ ಕಟ್ಟಿದರು. ಆಗ ರಾಜಕುಮಾರರಾಗಿದ್ದ ಚಾರ್ಲ್ಸ್ ಕೂಡ ಅವರ ಗಿರಾಕಿ. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಅರಮನೆಗೇ ಹೋಗಲಿಲ್ಲ! ಅಚ್ಚರಿಯೆಂದರೆ, ಅವರು ಸ್ವತಃ ಮೀನು ಹಿಡಿದವರಲ್ಲ.

ಕಣ್ಣು ಮಂದವಾದಾಗ ಅವರ ಕೆಲಸ ನಿಂತಿತು. ಸಾಲ್ಮನ್ ಫ್ಲೈ ಬಗ್ಗೆ ಜಾರ್ಜ್ ಕೆಲ್ಸನ್ 1895ರಲ್ಲೇ ದೊಡ್ಡ ಗ್ರಂಥ ಬರೆದಿದ್ದಾರೆ, ನಿಜ. ಆದರೆ ದಾರವನ್ನು ಎಷ್ಟು ಬಿಗಿಯಬೇಕೆಂಬುದನ್ನು ಪುಸ್ತಕ ಹೇಳಿಕೊಡಲಾರದು. ಬಲ್ಲವರು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರಷ್ಟೇ ಇಂಥ ವಿದ್ಯೆ ಉಳಿದೀತು.

ಮನೆಯಲ್ಲಿ ಮಗು ಹಳೆಯ ಗಡಿಯಾರ ಬಿಚ್ಚಿಕೊಂಡು ಕುಳಿತಿದೆಯೆ? ಗದರಬೇಡಿ. ‘ಈಗ ಮತ್ತೆ ಜೋಡಿಸು ನೋಡೋಣ’ ಎಂದು ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.