ಬರೆದದ್ದೇ ಬರುತ್ತದೆ: ಸರ್ಕಾರಿ ಖರೀದಿಯ ವೃತ್ತಿಯಲ್ಲಿ ಮುಂದೆ ಬರುವುದು ಹೇಗೆ?



ನಮ್ಮ ಮರಳಿ ಭಾಗದಲ್ಲಿ 'ಖರೀದಿ' ಎಂದರೆ ಮೊದಲು ನೆನಪಾಗುವುದು ಭತ್ತ ಖರೀದಿ ಕೇಂದ್ರ. ಚಿಕ್ಕವನಿದ್ದಾಗ ಅಬ್ಬಾ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗಿ, ತೇವಾಂಶ ಅಳೆಯುವ ಯಂತ್ರದ ಮುಂದೆ ನಿಂತಿದ್ದೇನೆ. ಬೆಂಬಲ ಬೆಲೆಗೆ ಕೊಡುವ ಭತ್ತದಲ್ಲಿ ತೇವಾಂಶ ಶೇ. 17 ದಾಟಬಾರದು. ಭತ್ತ ಗೌಡರದೋ ನಮ್ಮದೋ ಎಂದು ಯಂತ್ರ ಕೇಳುವುದಿಲ್ಲ. ಸರ್ಕಾರ ಕೊಳ್ಳುವುದು ಭತ್ತ ಮಾತ್ರವಲ್ಲ. ಶಾಲೆಯ ಡೆಸ್ಕು, ಆಸ್ಪತ್ರೆಯ ಮಾತ್ರೆ, ಕಾಲುವೆ ದುರಸ್ತಿ, ರಸ್ತೆಯ ಡಾಂಬರು, ಎಲ್ಲವನ್ನೂ ಯಾರೋ ಒಬ್ಬರು ಕಡತ ಬರೆದು ಕೊಳ್ಳಬೇಕು. ಅದು ನನ್ನ ಕೆಲಸ. ಪಿಯುಸಿ ನಂತರ ಏನು ಎಂದು ಕೇಳುವ ನಿಮಗೆ ಈ ವೃತ್ತಿಯ ಬಗ್ಗೆ ಯಾರೂ ಹೇಳಿರಲಿಕ್ಕಿಲ್ಲ. ಅದಕ್ಕೇ ಈ ಬರಹ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಈ ಕೆಲಸಕ್ಕೆ ಆಧಾರ 'ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999'. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಇದರ ನಿಯಮಗಳು ಬಂದದ್ದು 2000ರಲ್ಲಿ. ಕಾಯ್ದೆಯ ತಿರುಳು ಸರಳ: ವಿನಾಯಿತಿ ಇರುವ ಸಂದರ್ಭ ಬಿಟ್ಟು ಉಳಿದ ಖರೀದಿಯೆಲ್ಲ ಟೆಂಡರ್ ಮೂಲಕವೇ ಆಗಬೇಕು. ಟೆಂಡರ್ ತಪ್ಪಿಸಲೆಂದು ದೊಡ್ಡ ಖರೀದಿಯನ್ನು ತುಂಡು ತುಂಡು ಮಾಡುವಂತಿಲ್ಲ. ಟೆಂಡರ್ ಕರೆಯುವ ಪ್ರಾಧಿಕಾರ ಒಂದು, ಅಂಗೀಕರಿಸುವ ಪ್ರಾಧಿಕಾರ ಒಂದು. ಅಂಗೀಕಾರದ ಆದೇಶದಿಂದ ಅನ್ಯಾಯವಾಯಿತು ಎನಿಸಿದ ಟೆಂಡರುದಾರರು ಮೇಲ್ಮನವಿ ಹಾಕಬಹುದು.

ತುರ್ತಿಗೆ ಬೇರೆ ದಾರಿ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ಮನೆಗಳಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಟೆಂಡರಿಗಾಗಿ ವಾರಗಟ್ಟಲೆ ಕಾಯಲಾಗದು. ಪ್ರಕೃತಿ ವಿಕೋಪ ಮತ್ತು ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿಗೆ ಕೆಟಿಪಿಪಿ ಕಾಯ್ದೆಯ 4ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಆಗಲೂ ಏಕೆ ತುರ್ತು, ಏಕೆ ಈ ದರ ಎಂಬ ಕಾರಣ ಕಡತದಲ್ಲಿ ಇರಲೇಬೇಕು.

ಹಿಂದೆ ಟೆಂಡರ್ ಪೆಟ್ಟಿಗೆಗೆ ಲಕೋಟೆ ಹಾಕಬೇಕಿತ್ತು. ಪೆಟ್ಟಿಗೆಯ ಹತ್ತಿರ ಬೇರೆಯವರನ್ನು ಬಿಡದೆ ತಡೆಯುವವರ ಕಥೆಗಳನ್ನು ಹಿರಿಯ ನೌಕರರು ಈಗಲೂ ಹೇಳುತ್ತಾರೆ. 2007ರಿಂದ ರಾಜ್ಯದಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಬಂತು, ಈಗ ಕೆಪಿಪಿಪಿ ಪೋರ್ಟಲ್ ಇದೆ. ಕೇಂದ್ರ ಸರ್ಕಾರದ್ದು 2016ರಲ್ಲಿ ಆರಂಭವಾದ ಜೆಮ್ ಪೋರ್ಟಲ್.

ನಾನು ಮಾಡಿದ ತಪ್ಪು

ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿದ ಮೊದಲ ವರ್ಷ ಒಂದು ಶಾಲೆಗೆ 60 ಡೆಸ್ಕುಗಳ ಖರೀದಿ ಕಡತ ನನ್ನ ಮೇಜಿಗೆ ಬಂತು. ವಿವರಣೆಯ ಕಾಲಂನಲ್ಲಿ ನಾನು ಬರೆದದ್ದು ಇಷ್ಟೇ: 'ಉತ್ತಮ ಗುಣಮಟ್ಟದ ಡೆಸ್ಕ್'. ಅತಿ ಕಡಿಮೆ ದರ ಹಾಕಿದವರಿಗೆ ಆದೇಶ ಹೋಯಿತು. ಬಂದದ್ದು ಮರದ ಪುಡಿ ಒತ್ತಿ ಮಾಡಿದ ಹಲಗೆಯ ಡೆಸ್ಕು. ನೋಡಲು ಚೆಂದ ಇತ್ತು. ಮೊದಲ ಮಳೆಗಾಲಕ್ಕೆ ಗೋಡೆಯ ತೇವ ಹಿಡಿದು ಹಲಗೆ ಉಬ್ಬಿತು, ದಸರಾ ರಜೆ ಮುಗಿಯುವ ಹೊತ್ತಿಗೆ ಪದರು ಪದರಾಗಿ ಬಿಟ್ಟುಕೊಂಡಿತು. ಸರಬರಾಜುದಾರರನ್ನು ಕರೆಸಿ ಕೇಳಿದರೆ, ಅವರು ಟೆಂಡರ್ ಪ್ರತಿಯನ್ನು ನನ್ನ ಮುಂದಿಟ್ಟು, "ಪ್ಲೈವುಡ್ ಅಂತ ಎಲ್ಲಿ ಬರ್ದೀರಿ ಸರ್, ತೋರಸ್ರಿ" ಅಂದರು. ತೋರಿಸಲು ಏನೂ ಇರಲಿಲ್ಲ. ಮಕ್ಕಳು ಮತ್ತೆ ನೆಲದ ಮೇಲೆ ಕೂತರು. ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು, ಉತ್ತರ ಬರೆಯಬೇಕಾದವನು ನಾನೇ.

ನಾನು ಒಂದು ರೂಪಾಯಿ ಮುಟ್ಟಿರಲಿಲ್ಲ. ಆದರೂ ಜನರ ಹಣ ಹಾಳಾಯಿತು. ಪ್ರಾಮಾಣಿಕತೆ ಒಂದೇ ಸಾಲದು, ಕೆಲಸ ಗೊತ್ತಿರಬೇಕು ಎಂದು ಆಗ ತಿಳಿಯಿತು. ಅರ್ಹರಲ್ಲಿ ಕಡಿಮೆ ದರದವರಿಗೆ ಕೆಲಸ ಹೋಗುವ ಪದ್ಧತಿಯಲ್ಲಿ ನಾವು ಬರೆದದ್ದೇ ಬರುತ್ತದೆ, ಬರೆಯದಿದ್ದದ್ದು ಬರುವುದಿಲ್ಲ. ಇಂದು ಅದೇ ಡೆಸ್ಕಿಗೆ ನಾನು ಪ್ಲೈವುಡ್ಡಿನ ದಪ್ಪ ಎಷ್ಟು ಮಿಲಿಮೀಟರ್, ಐಎಸ್ 303 ಗುರುತು ಇರಬೇಕು, ನೀರು ತಡೆಯುವ ದರ್ಜೆ ಯಾವುದು, ಕಬ್ಬಿಣದ ಪೈಪಿನ ಅಳತೆ ಏನು, ಎಷ್ಟು ವರ್ಷದ ಖಾತರಿ, ಸರಕು ಇಳಿಸುವ ಮೊದಲು ಯಾರು ಪರಿಶೀಲಿಸಬೇಕು, ಎಲ್ಲವನ್ನೂ ಬರೆಯುತ್ತೇನೆ. ಒಂದೇ ಕಂಪನಿಗೆ ಒಗ್ಗುವಂತೆ ಬರೆಯುವುದೂ ತಪ್ಪು. ಬ್ರಾಂಡ್ ಹೆಸರು ಹೇಳಲೇಬೇಕಾದರೆ 'ಅಥವಾ ತತ್ಸಮಾನ' ಎಂದು ಸೇರಿಸಬೇಕು.

ಒಳಗೆ ಬರುವ ದಾರಿಗಳು

'ಖರೀದಿ ಅಧಿಕಾರಿ' ಎಂಬ ಹೆಸರಿನ ಹುದ್ದೆಯನ್ನೇ ಹುಡುಕಬೇಡಿ. ಬಹುತೇಕ ಕಚೇರಿಗಳಲ್ಲಿ ಈ ಕೆಲಸ ಬೇರೆ ಹುದ್ದೆಗಳ ಒಳಗೇ ಇರುತ್ತದೆ. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು. ಪ್ರಥಮ ದರ್ಜೆ ಸಹಾಯಕ ಮತ್ತು ಪಿಡಿಒ ಹುದ್ದೆಗಳಿಗೆ ಪದವಿ ಬೇಕು. ವಾಣಿಜ್ಯ ಓದಿದವರಿಗೆ ರಾಜ್ಯದ ಲೆಕ್ಕಪತ್ರ ಇಲಾಖೆ ಇದೆ. ವಿಜ್ಞಾನದವರು ಸಿವಿಲ್ ಇಂಜಿನಿಯರಿಂಗ್ ಓದಿದರೆ ಅಂದಾಜು ಪಟ್ಟಿ, ದರಪಟ್ಟಿಗಳ ಕೆಲಸಕ್ಕೆ ಬರುತ್ತಾರೆ. ಫಾರ್ಮಸಿ ಓದಿದವರ ಜ್ಞಾನ ಔಷಧಿ ಖರೀದಿಗೆ ಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ವೈದ್ಯಕೀಯ ಸರಬರಾಜು ನಿಗಮ ಇದೆ. ರೈಲ್ವೆಯಲ್ಲಿ ಪ್ರತ್ಯೇಕ ಸ್ಟೋರ್ಸ್ ವಿಭಾಗವಿದೆ. ಸರ್ಕಾರಿ ನೌಕರಿ ಸಿಗದಿದ್ದರೂ ಟೆಂಡರ್ ದಾಖಲೆ ಓದಿ ಸರಿಯಾಗಿ ಭರ್ತಿ ಮಾಡಬಲ್ಲವರು ಗುತ್ತಿಗೆದಾರರಿಗೆ, ಸರಬರಾಜು ಕಂಪನಿಗಳಿಗೆ ಬೇಕೇ ಬೇಕು.

ಕೊಪ್ಪಳ ಜಿಲ್ಲೆಯವರಾದ ನಮಗೆ 371ಜೆ ಮೀಸಲಾತಿ ಇದೆ. ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಸಿಗೆ ಶೇ. 80, ಎ ಮತ್ತು ಬಿಗೆ ಶೇ. 75. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯ ಕೊನೆಯ ದಿನ ಓಡಾಡಬೇಡಿ.

ಮೇಲೆ ಹೋಗುವ ಮೆಟ್ಟಿಲುಗಳು

ಸೇರಿದ ಮೇಲೆ ಮೊದಲ ಮೆಟ್ಟಿಲು ಇಲಾಖಾ ಪರೀಕ್ಷೆ. ಅಕೌಂಟ್ಸ್ ಹೈಯರ್, ಜನರಲ್ ಲಾ ಮುಂತಾದವನ್ನು ಕೆಪಿಎಸ್‌ಸಿ ನಡೆಸುತ್ತದೆ. ನಿಮ್ಮ ಹುದ್ದೆಗೆ ಬೇಕಾದವನ್ನು ಪಾಸು ಮಾಡದಿದ್ದರೆ ಬಡ್ತಿ ನಿಲ್ಲುತ್ತದೆ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೂ ಬೇಗ ಮುಗಿಸಿ. ಎರಡನೆಯದು ತರಬೇತಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಬೆಂಗಳೂರಿನ ಕೆಂಗೇರಿಯ ಹಣಕಾಸು ನೀತಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳಿಗೆ ನಿಯೋಜಿಸಿದರೆ ನೆಪ ಹೇಳದೆ ಹೋಗಿ. ಮೂರನೆಯದು ಸರ್ಟಿಫಿಕೇಟು. ವಿಶ್ವಬ್ಯಾಂಕಿನ ಬೆಂಬಲದ ಉಚಿತ ಆನ್‌ಲೈನ್ ಕೋರ್ಸ್ ಇದೆ. ಫರೀದಾಬಾದಿನ ರಾಷ್ಟ್ರೀಯ ಹಣಕಾಸು ನಿರ್ವಹಣಾ ಸಂಸ್ಥೆ, ಭಾರತೀಯ ಸಾಮಗ್ರಿ ನಿರ್ವಹಣಾ ಸಂಸ್ಥೆಗಳೂ ಕೋರ್ಸ್ ನಡೆಸುತ್ತವೆ.

ಇವೆಲ್ಲಕ್ಕಿಂತ ದೊಡ್ಡದು ನಿಮ್ಮ ಟಿಪ್ಪಣಿ. ನೀವು ವರ್ಗವಾಗಿ ಹೋದ ಮೇಲೂ ಕಡತ ಅಲ್ಲೇ ಇರುತ್ತದೆ. ಹತ್ತು ವರ್ಷದ ನಂತರ ಯಾರೋ ತೆರೆದು ಓದಿದಾಗ, 'ಇವರು ಕಾರಣ ಬರೆದಿದ್ದಾರೆ' ಎನಿಸಬೇಕು. ಈಗ ಬೇರೆ ಶಾಖೆಯವರು ಟೆಂಡರಿಗೆ ಮುಂಚೆ ಕಡತ ತಂದು ನನಗೆ ಒಮ್ಮೆ ತೋರಿಸುತ್ತಾರೆ. ನನಗೆ ಸಿಕ್ಕ ಬಡ್ತಿಗಿಂತ ಇದು ಹೆಚ್ಚಿನದು ಎಂದುಕೊಂಡಿದ್ದೇನೆ.

ಒತ್ತಡ ಬರುತ್ತದೆ. ಈದ್‌ಗೋ ದೀಪಾವಳಿಗೋ ಗುತ್ತಿಗೆದಾರರ ಮಿಠಾಯಿ ಡಬ್ಬಿ ಮನೆಗೆ ಬರುತ್ತದೆ, ವಾಪಸು ಕಳಿಸಿ. ಸಂಬಂಧಿಕರೇ ಟೆಂಡರ್ ಹಾಕಿದರೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ ಆ ಕಡತದಿಂದ ದೂರ ಸರಿಯಿರಿ. ನಮ್ಮ ಕಸಿನ್ ಒಬ್ಬ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. ಕುರ್‌ಆನಿನ ಅಲ್-ಮುತಫ್ಫಿಫೀನ್ ಅಧ್ಯಾಯ ಅಳತೆ-ತೂಕದಲ್ಲಿ ಮೋಸ ಮಾಡುವವರಿಗೆ ಕೊಡುವ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ. ಸಾರ್ವಜನಿಕ ಹಣ ನಮ್ಮ ಕೈಯಲ್ಲಿರುವ ಅಮಾನತ್ತು. ಯಾವ ಧರ್ಮದ ಮನೆಯಲ್ಲಿ ಬೆಳೆದವರಿಗೂ ಇದು ಹೊಸ ಮಾತಲ್ಲ.

ಈ ವಾರವೇ ಒಂದು ಕೆಲಸ ಮಾಡಿ. ಕೆಪಿಪಿಪಿ ಪೋರ್ಟಲ್ ತೆರೆದು ನಮ್ಮ ಜಿಲ್ಲೆಯ ಒಂದು ಟೆಂಡರ್ ಹುಡುಕಿ ಓದಿ. ಏನು ಕೊಳ್ಳುತ್ತಿದ್ದಾರೆ, ಅಳತೆ ಬರೆದಿದ್ದಾರೆಯೇ, ಖಾತರಿ ಕೇಳಿದ್ದಾರೆಯೇ ನೋಡಿ. ಆಮೇಲೆ ನಿಮ್ಮ ತರಗತಿಯ ಬೆಂಚಿಗೆ ನೀವೇ ಒಂದು ವಿವರಣೆ ಬರೆದು ವಾಣಿಜ್ಯ ವಿಭಾಗದ ಉಪನ್ಯಾಸಕರಿಗೆ ತೋರಿಸಿ. ಅದನ್ನು ಓದಿದ ಬಡಗಿ ನಿಮ್ಮನ್ನು ಏನೂ ಕೇಳದೆ ಬೆಂಚು ಮಾಡುವಂತಿದ್ದರೆ, ಈ ಕೆಲಸ ನಿಮಗೆ ಒಲಿಯುತ್ತದೆ.