ಎಲ್ಲರ ಕಂಪ್ಯೂಟರಿಗೆ ಬೀಗ ಯಾಕೆ?



ನಮ್ಮ ವಾಚನಾಲಯದ ಕಂಪ್ಯೂಟರಿನಲ್ಲಿ ಮೊದಲಿನಂತೆ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಲಾಗುವುದಿಲ್ಲವೆಂದು ಹಲವರು ಬೇಸರಪಟ್ಟಿದ್ದೀರಿ. ಹೊಸದೊಂದು ಆಟವನ್ನೋ ತಂತ್ರಾಂಶವನ್ನೋ ಸೇರಿಸಲು ಹೋದರೆ ಅದು ಪಾಸ್‌ವರ್ಡ್ ಕೇಳುತ್ತದೆ. ಇಂದು ಇಟ್ಟುಹೋದ ಕಡತ ನಾಳೆ ಸಿಗುವುದಿಲ್ಲ. "ಏನಪ್ಪಾ, ಊರು ಬಿಟ್ಟು ಬಂದವರಿಗೆ ಇದೊಂದು ಮನೆ ಎಂದುಕೊಂಡಿದ್ದೆವು. ನಮ್ಮವರ ಮೇಲೆಯೇ ಅನುಮಾನವೆ?" ಎಂದು ಹಿರಿಯರೊಬ್ಬರು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆದುದರಿಂದ ಈ ಕಟ್ಟುಪಾಡು ಏಕೆ, ಹೇಗೆ ಎಂಬುದನ್ನು ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಯಂತ್ರ ಬಂದ ದಿನದಿಂದ ಅದರ ಪೂರ್ಣ ಅಧಿಕಾರದ ಖಾತೆಯೊಂದನ್ನೇ ತೆರೆದಿಟ್ಟು, ಬಂದವರೆಲ್ಲ ಅದರಲ್ಲಿಯೇ ಕೆಲಸ ಮಾಡಲೆಂದು ಬಿಟ್ಟವನು ನಾನು. ಮಿಲ್ಲಿಗೆ ರಜವಿದ್ದ ಒಂದು ಭಾನುವಾರ ಯಂತ್ರವನ್ನು ಶುಚಿ ಮಾಡಲು ಕುಳಿತೆ. ಅಂತರಜಾಲದಿಂದ ಇಳಿಸಿಕೊಂಡ ಕಡತಗಳು ಬಂದು ಬೀಳುವ ಜಾಗವನ್ನು ತೆರೆದರೆ, ಯಾರು ಯಾರದೋ ಆಧಾರ್ ಪತ್ರ, ಪಾಸ್‌ಬುಕ್ಕಿನ ನಕಲು, ಪಿ.ಎಫ್. ಅರ್ಜಿ, ಒಬ್ಬ ತಾಯಿಯ ಆಸ್ಪತ್ರೆಯ ಚೀಟಿ! ಪ್ರಿಂಟ್ ತೆಗೆದುಕೊಂಡು ಎದ್ದುಹೋದವರಿಗೆ ಕಡತ ಇಲ್ಲಿಯೇ ಉಳಿಯಿತೆಂಬ ಅರಿವಿಲ್ಲ. ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ, ಅಷ್ಟೆ. ಪರಿಚಯದವರ ಪಾಲಿಗೆ ಅದು ಬೀಗವೇ ಅಲ್ಲ. ಎಲ್ಲವನ್ನೂ ಅಳಿಸಿದೆ. ಅಷ್ಟರೊಳಗೆ ಯಾರಾದರೂ ನಕಲು ಮಾಡಿಕೊಂಡಿದ್ದರೆ ಅದನ್ನು ತಿಳಿಯುವ ದಾರಿ ಇರಲಿಲ್ಲ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಈ ತೊಂದರೆ ಹೊಸದೇನಲ್ಲ. ಹಿಂದೆ ಕಂಪ್ಯೂಟರೆಂದರೆ ಕೋಣೆ ತುಂಬುವ ಯಂತ್ರ. ಒಂದನ್ನೇ ಅನೇಕರು ಹಂಚಿಕೊಳ್ಳಬೇಕಾಗಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರ ತಂಡ 1961ರಲ್ಲಿ ಇಂಥ ಹಂಚಿಕೆಯ ಏರ್ಪಾಡನ್ನು ಮಾಡಿ ತೋರಿಸಿತು. ಒಬ್ಬರ ಕಡತ ಮತ್ತೊಬ್ಬರಿಗೆ ಸಿಗದಿರಲೆಂದು ಪಾಸ್‌ವರ್ಡುಗಳನ್ನು ಇಟ್ಟರು. 1962ರಲ್ಲಿಯೇ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಕೊಟ್ಟಿದ್ದ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡುಬಿಟ್ಟ! 1966ರಲ್ಲಿ ಇನ್ನೊಂದು ಅನಾಹುತ. ಸ್ವಾಗತದ ಸೂಚನೆಯೂ ಪಾಸ್‌ವರ್ಡಿನ ಪಟ್ಟಿಯೂ ಅದಲು ಬದಲಾಗಿ, ಯಂತ್ರದ ಮುಂದೆ ಕುಳಿತವರಿಗೆಲ್ಲ ಎಲ್ಲರ ಪಾಸ್‌ವರ್ಡುಗಳು ಕಾಣಿಸಿದವು. ಮೊದಲನೆಯದು ಬಳಸುವವನ ಆಸೆಯಿಂದ ಆದದ್ದು. ಎರಡನೆಯದು ನೋಡಿಕೊಳ್ಳುವವರ ಕಡೆಯಿಂದ. ಕಟ್ಟುಪಾಡು ಇಬ್ಬರಿಗೂ ಬೇಕೆಂಬುದು ಇದರಿಂದ ತಿಳಿಯುತ್ತದೆ.

1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಆರಂಭವಾದ ಯೂನಿಕ್ಸ್ ಎಂಬ ವ್ಯವಸ್ಥೆ ಈ ವಿಷಯವನ್ನು ಸರಳವಾದ ಲೆಕ್ಕಕ್ಕೆ ತಂದಿತು. ಪ್ರತಿ ಕಡತಕ್ಕೂ ಮೂರು ಅನುಮತಿಗಳು: ಓದುವುದು, ಬರೆಯುವುದು, ನಡೆಸುವುದು. ಯಜಮಾನನಿಗೆ ಎಷ್ಟು, ಅವನ ಗುಂಪಿಗೆ ಎಷ್ಟು, ಉಳಿದವರಿಗೆ ಎಷ್ಟು ಎಂದು ಬೇರೆ ಬೇರೆ ಗುರುತು ಹಾಕಬಹುದು. ನಮ್ಮ ಮಿಲ್ಲಿನ ಹಾಜರಿ ಪುಸ್ತಕವನ್ನೇ ನೋಡಿ. ಕೆಲಸಗಾರನು ತನ್ನ ಸಾಲನ್ನು ಓದಬಹುದು; ಗುಮಾಸ್ತನಾದ ನಾನು ಬರೆಯಬಹುದು; ಅದರಂತೆ ಸಂಬಳ ಬಟವಾಡೆಗೆ ಅಪ್ಪಣೆ ಕೊಡುವವರು ಮ್ಯಾನೇಜರು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂಬ ಈ ಸೂತ್ರವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ.

ಈಗ ನಮ್ಮ ಯಂತ್ರದ ವಿಷಯ. ಅದಕ್ಕೆ ಎರಡು ಬಾಗಿಲುಗಳನ್ನು ಮಾಡಿದ್ದೇವೆ. ಒಂದು ಅಡ್ಮಿನಿಸ್ಟ್ರೇಟರ್ ಖಾತೆ. ತಂತ್ರಾಂಶ ಸೇರಿಸುವುದು, ತೆಗೆಯುವುದು ಅಲ್ಲಿಂದ ಮಾತ್ರ. ಇನ್ನೊಂದು ನೀವೆಲ್ಲ ಬಳಸುವ ಅತಿಥಿ ಖಾತೆ. ಯಾರು ಯಾವ ಖಾತೆಯಲ್ಲಿ ಒಂದು ತಂತ್ರಾಂಶವನ್ನು ತೆರೆಯುತ್ತಾರೋ ಆ ಖಾತೆಯ ಅಧಿಕಾರವೇ ಅದಕ್ಕೂ ಬರುತ್ತದೆ. ಪೆನ್‌ಡ್ರೈವಿನೊಳಗೆ ಅಡಗಿ ಬಂದ ವೈರಸ್ ಪೂರ್ಣ ಅಧಿಕಾರದ ಖಾತೆಯಲ್ಲಿ ಎದ್ದರೆ ಇಡೀ ಯಂತ್ರವನ್ನು ಕೆಡಿಸಬಲ್ಲದು. ಅತಿಥಿ ಖಾತೆಯಲ್ಲಾದರೆ ಅದರ ಕೈ ಬಹಳ ದೂರ ಚಾಚುವುದಿಲ್ಲ. ನೀವು 'ಸೈನ್ ಔಟ್' ಒತ್ತಿದೊಡನೆ ನಿಮ್ಮ ಕಡತಗಳು ಅಳಿಸಿಹೋಗುತ್ತವೆ. ಒತ್ತದೆ ಎದ್ದುಹೋದರೆ ಮಾತ್ರ ಎಲ್ಲವೂ ಹಾಗೆಯೇ ಉಳಿಯುತ್ತದೆ, ಇದನ್ನು ಮರೆಯಬೇಡಿ.

ಹೊರಗಿನ ಬ್ರೌಸಿಂಗ್ ಸೆಂಟರುಗಳಲ್ಲಿ ಕೆಲವರು 'ಇನ್‌ಕಾಗ್ನಿಟೊ' ಎಂಬ ಕಿಟಕಿಯನ್ನು ತೆರೆದು ಧೈರ್ಯವಾಗಿರುತ್ತಾರೆ. ಅದನ್ನು ಮುಚ್ಚಿದಾಗ ನೋಡಿದ ಪುಟಗಳ ಪಟ್ಟಿ ಯಂತ್ರದಲ್ಲಿ ಉಳಿಯುವುದಿಲ್ಲ, ನಿಜ. ಆದರೆ ಇಳಿಸಿಕೊಂಡ ಕಡತ ಉಳಿಯುತ್ತದೆ. ಅದನ್ನು ನೀವೇ ಅಳಿಸಬೇಕು; ಕಸದ ಬುಟ್ಟಿಯಿಂದಲೂ ತೆಗೆಯಬೇಕು. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಬ್ಯಾಂಕಿನ ವ್ಯವಹಾರವನ್ನು ಹಂಚಿಕೊಂಡ ಯಂತ್ರದಲ್ಲಿ ಮಾಡದಿರುವುದೇ ಲೇಸು.

ಆದರೆ ಬೀಗವು ಕೆಲಸಕ್ಕೆ ಅಡ್ಡಿಯಾಗಬಾರದು. ಕನ್ನಡ ಟೈಪು ಮಾಡುವ 'ನುಡಿ' ಇಲ್ಲವೆಂದು ಒಬ್ಬ ತಮ್ಮ ಊರಿಗೆ ಬರೆಯಬೇಕಾಗಿದ್ದ ಅರ್ಜಿಯನ್ನು ಬರೆಯದೆ ಹಿಂದಿರುಗಿದ. ಅದು ನಮ್ಮ ಲೋಪ. ಈಗ ಹಾಕಿದ್ದೇವೆ. ಇನ್ನೇನಾದರೂ ಬೇಕಿದ್ದರೆ ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಯಿರಿ, ಪರಿಶೀಲಿಸಿ ಹಾಕುತ್ತೇವೆ. ನೀವು ಏನು ಓದುತ್ತೀರೆಂದು ಇಣುಕಿ ನೋಡುವ ಯಾವ ಏರ್ಪಾಡನ್ನೂ ನಾವು ಮಾಡಿಲ್ಲ. ಯಂತ್ರವನ್ನು ಕೆಡಿಸದಂತೆ ತಡೆಯುವುದು ಬೇರೆ, ಮನುಷ್ಯನ ಬೆನ್ನ ಹಿಂದೆ ನಿಲ್ಲುವುದು ಬೇರೆ.

ಇನ್ನು ಆ ಹಿರಿಯರ ಪ್ರಶ್ನೆ. ವಡಪಳನಿಯ ಸುತ್ತಮುತ್ತ ಒಂದೇ ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವವರು ನಮ್ಮಲ್ಲಿ ಅನೇಕರಿದ್ದೀರಿ. ಒಟ್ಟಿಗೆ ಉಣ್ಣುತ್ತೀರಿ, ಕಷ್ಟಕ್ಕೆ ಆಗುತ್ತೀರಿ. ಆದರೂ ಪ್ರತಿಯೊಬ್ಬರ ಟ್ರಂಕಿಗೂ ಬೀಗವಿದೆ. ಅದು ಜೊತೆಗಾರನ ಮೇಲಿನ ಅನುಮಾನದಿಂದಲ್ಲ. ನಾಳೆ ಏನಾದರೂ ಕಳೆದರೆ ಅವನ ಮೇಲೆ ಅನುಮಾನ ಬರದಿರಲಿ ಎಂದು. ಇದೂ ಹಾಗೆಯೇ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಎರಡು ಭಾಗ ಮಾಡಿ ಇಬ್ಬರ ಬಳಿ ಒಂದೊಂದು ಭಾಗವನ್ನು ಇಟ್ಟಿದ್ದೇವೆ. ಒಬ್ಬನೇ ಅದನ್ನು ತೆರೆಯಲಾರ. ಈಗ ನಾನೂ ನಿಮ್ಮಂತೆಯೇ ಅತಿಥಿ ಖಾತೆಯಲ್ಲಿ ಕುಳಿತು, ಎದ್ದೇಳುವ ಮುನ್ನ ಸೈನ್ ಔಟ್ ಒತ್ತುತ್ತೇನೆ.